ಮತ್ತೆ ಹೋಗಿ ನೋಡಿದ ಕೆರೆ

ಪೊಳ್ಳಾಚಿಯಿಂದ ವಾಲ್ಪಾರೈಗೆ ಏರುವ ರಸ್ತೆಯಲ್ಲಿ 40 ಹೇರ್‌ಪಿನ್ ತಿರುವುಗಳಿವೆ. ಒಂಬತ್ತನೆಯ ತಿರುವಿನಲ್ಲಿ ಲೋಮ್ಸ್ ವ್ಯೂ ಎಂಬ ತಾಣ. ಕೆಳಗೆ ಆಳಿಯಾರು ಜಲಾಶಯ, ಅದರಾಚೆ ಕಣ್ಣು ಹರಿಯುವಷ್ಟು ದೂರ ಕೊಂಗುನಾಡಿನ ಬಯಲು. ರಜೆಯ ದಿನಗಳಲ್ಲಿ ಇಲ್ಲಿ ಕಾರಿನಿಂದ ಇಳಿದವರು ಕಣಿವೆಗೆ ಬೆನ್ನು ಮಾಡಿ ಫೋನ್ ಎತ್ತುತ್ತಾರೆ, ನಾಲ್ಕಾರು ಚಿತ್ರ ತೆಗೆದು ಮತ್ತೆ ಕಾರು ಹತ್ತುತ್ತಾರೆ. ಇಂಥ ದೃಶ್ಯ ಕಂಡಾಗಲೆಲ್ಲ ವಿಚಾರವಂತರ ಬಾಯಲ್ಲಿ ಒಂದು ಮಾತು ಬರುತ್ತದೆ: ಕ್ಯಾಮೆರಾ ಒಳಗಿಡಿ, ಕಣ್ಣಾರೆ ನೋಡಿ, ಮನಸ್ಸಿನಲ್ಲಿ ತುಂಬಿಕೊಳ್ಳಿ, ಫೋಟೋ ತೆಗೆದವರಿಗೆ ಫೋಟೋ ಉಳಿಯುತ್ತದೆ, ನೋಡಿದವರಿಗೆ ನೋಟ ಉಳಿಯುತ್ತದೆ. ಕೇಳಲು ಹಿತವಾದ ಮಾತು. ನಾನೂ ಬಹುಕಾಲ ಇದನ್ನು ನಂಬಿದ್ದೆ. ಈಗ ಇದರಲ್ಲಿ ಮೂರು ಬೇರೆ ಬೇರೆ ವಾದಗಳು ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿವೆ ಎಂದು ತೋರುತ್ತದೆ. ಬಿಡಿಸಿದರೆ ಒಂದೊಂದಕ್ಕೂ ಬೇರೆಯದೇ ಉತ್ತರ ಸಿಗುತ್ತದೆ. ಬಿಡಿಸಲು ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ನೆಲವನ್ನೇ ಆರಿಸಿಕೊಂಡಿದ್ದೇನೆ. 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ, ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಕನ್ನಡ ಕೇಳಿಸುವ ಈ ನೆಲ ನಮಗೆ ಹೊರಗಿನದಲ್ಲ. ಬೆಟ್ಟ, ಬಯಲು, ಕೆರೆ, ಕಾರ್ಖಾನೆ ಇಲ್ಲಿ ಒಂದೇ ದಿನದ ಹಾದಿಯಲ್ಲಿ ಸಿಗುತ್ತವೆ. ವಾದವನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮೊದಲು ಆ ನಂಬಿಕೆಯನ್ನು ಅದರ ಗಟ್ಟಿ ರೂಪದಲ್ಲೇ ಮುಂದಿಡಬೇಕು. ದುರ್ಬಲ ರೂಪವನ್ನು ಖಂಡಿಸಿ ಗೆದ್ದೆ ಎನ್ನುವುದರಲ್ಲಿ ಅರ್ಥವಿಲ್ಲ.

1. ಗಮನದ ವಾದ: ಮನಸ್ಸಿಗೆ ಒಂದು ಹೊತ್ತಿನಲ್ಲಿ ಒಂದೇ ಕೆಲಸ. ಚೌಕಟ್ಟು, ಬೆಳಕು, ಕೋನ ಎಂದು ಯಂತ್ರದ ಕಡೆ ಹರಿದ ಗಮನ ಎದುರಿಗಿರುವ ವಸ್ತುವಿನಿಂದ ಕಡಿತವಾಗುತ್ತದೆ. ಆದ್ದರಿಂದ ಫೋಟೋ ತೆಗೆಯುವವರು ಕಡಿಮೆ ನೋಡುತ್ತಾರೆ.

2. ನೆನಪಿನ ವಾದ: ಹೊರಗೆ ಎಲ್ಲೋ ದಾಖಲಾಗಿದೆ ಎಂಬ ಭರವಸೆ ಬಂದೊಡನೆ ಮನಸ್ಸು ತನ್ನ ಹೊಣೆಯನ್ನು ಇಳಿಸಿಬಿಡುತ್ತದೆ. ಇದು ಹೊಸ ದೂರಲ್ಲ. ಪ್ಲೇಟೋನ ‘ಫೀಡ್ರಸ್’ ಸಂವಾದದಲ್ಲಿ ಈಜಿಪ್ಟಿನ ಅರಸ ಥಾಮುಸ್ ಬರವಣಿಗೆಯ ಮೇಲೆ ಹೊರಿಸಿದ್ದು ಇದೇ ಆರೋಪ. 2014ರಲ್ಲಿ ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ಪ್ರಕಟಿಸಿದ ಪ್ರಯೋಗ ಇದಕ್ಕೆ ಬಲ ಕೊಟ್ಟಿತು: ವಸ್ತುಸಂಗ್ರಹಾಲಯದಲ್ಲಿ ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳು ಜನರಿಗೆ ಕಡಿಮೆ ನೆನಪಿದ್ದವು.

3. ಸೌಂದರ್ಯದ ವಾದ: ಕ್ಯಾಮೆರಾ ಪ್ರಪಂಚವನ್ನು ಸೊತ್ತಾಗಿ ಮಾಡುತ್ತದೆ. ಲೇಖಕಿ ಸೂಸನ್ ಸೊಂಟಾಗ್ 1977ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ವಾದಿಸಿದರು. ಪ್ರವಾಸಿ ಚೆಲುವನ್ನು ಅನುಭವಿಸುವುದಿಲ್ಲ, ಸಂಗ್ರಹಿಸುತ್ತಾನೆ. ಚಿತ್ರಕ್ಕೆ ಒಪ್ಪುವುದಷ್ಟೇ ಅವನಿಗೆ ಚೆಲುವಾಗಿ ಕಾಣತೊಡಗುತ್ತದೆ.

ಗಮನದ ವಾದದಿಂದ ಆರಂಭಿಸೋಣ. ಹೆಂಕೆಲ್ ಅವರ ಪ್ರಯೋಗಕ್ಕೆ ಇನ್ನೊಂದು ಭಾಗವಿದೆ. ಅದನ್ನು ಉಲ್ಲೇಖಿಸುವವರು ಕಡಿಮೆ. ವಸ್ತುವನ್ನು ಇಡಿಯಾಗಿ ಕ್ಲಿಕ್ಕಿಸದೆ, ಅದರ ಒಂದು ಭಾಗಕ್ಕೆ ಹತ್ತಿರವಾಗಿ ಚಿತ್ರ ತೆಗೆದವರ ನೆನಪು ಕುಗ್ಗಲಿಲ್ಲ. ಚಿತ್ರದಲ್ಲಿ ಬಾರದ ಭಾಗಗಳೂ ಅವರಿಗೆ ನೆನಪಿದ್ದವು. ಆ ಪ್ರಯೋಗದಲ್ಲಿ ಯಾವುದರ ಫೋಟೋ ತೆಗೆಯಬೇಕೆಂದು ಪ್ರಯೋಗ ನಡೆಸಿದವರೇ ಹೇಳಿದ್ದರು. 2017ರಲ್ಲಿ ಅಲಿಕ್ಸಾಂಡ್ರಾ ಬರಾಶ್ ಮತ್ತು ಸಂಗಡಿಗರು ಆ ಆಯ್ಕೆಯನ್ನು ನೋಡುವವರಿಗೇ ಬಿಟ್ಟರು. ಆಗ ಫಲಿತಾಂಶ ತಿರುಗಿತು: ತಮಗೆ ಬೇಕಾದುದನ್ನು ಆರಿಸಿ ಫೋಟೋ ತೆಗೆದವರಿಗೆ, ಆ ಚಿತ್ರಗಳನ್ನು ಮರಳಿ ನೋಡದಿದ್ದರೂ, ಕಂಡದ್ದು ಹೆಚ್ಚು ನೆನಪಿತ್ತು. ಎರಡನ್ನೂ ಒಟ್ಟಿಗೆ ಇಟ್ಟರೆ ತಿಳಿಯುವುದು ಇಷ್ಟು: ಗಮನವನ್ನು ತಿನ್ನುವುದು ಯಂತ್ರವಲ್ಲ, ಆಯ್ಕೆಯಿಲ್ಲದ ಒತ್ತು. ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಎಂದು ತೀರ್ಮಾನಿಸುವವರು ನೋಡಲೇಬೇಕಾಗುತ್ತದೆ. ತಮಿಳುನಾಡಿನ ನಿಸರ್ಗ ಲೇಖಕ ಎಂ. ಕೃಷ್ಣನ್ (1912–1996) ಇದಕ್ಕೆ ಸಾಕ್ಷಿ. 1940ರ ದಶಕದಲ್ಲಿ ನಮ್ಮ ಸಂಡೂರು ಸಂಸ್ಥಾನದಲ್ಲಿ ನೌಕರಿ ಮಾಡಿದ ಅವರು, ಆಮೇಲೆ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ 1950ರಿಂದ ಸಾಯುವವರೆಗೂ ಅಂಕಣ ಬರೆದರು. ಅವರ ಗಮನ ಹೋದದ್ದು ಹೆಚ್ಚಾಗಿ ಅಳಿಲು, ಕಾಗೆ, ಮೇಕೆಗಳಂಥ ನಿತ್ಯದ ಜೀವಗಳ ಕಡೆಗೆ. ತಾವೇ ಬಿಡಿಭಾಗ ಜೋಡಿಸಿಕೊಂಡ ಭಾರದ ಕ್ಯಾಮೆರಾ ಹೊತ್ತು, ಕಪ್ಪು ಬಿಳುಪಿನಲ್ಲೇ ಚಿತ್ರ ತೆಗೆದರು. ಆ ಬರಹಗಳನ್ನು ಓದಿದವರು ಯಾರೂ ಕೃಷ್ಣನ್ ಕ್ಯಾಮೆರಾದಿಂದಾಗಿ ಕಡಿಮೆ ನೋಡಿದರು ಎನ್ನಲಾರರು.

ಆದರೆ ಒಂದು ನಷ್ಟವನ್ನು ಒಪ್ಪಲೇಬೇಕು. ಬರಾಶ್ ಅವರ ಪ್ರಯೋಗದಲ್ಲಿ ಫೋಟೋ ತೆಗೆದವರಿಗೆ ಕಂಡದ್ದು ಹೆಚ್ಚು ನೆನಪಿತ್ತು, ಕೇಳಿದ್ದು ಕಡಿಮೆ ನೆನಪಿತ್ತು. ಕ್ಯಾಮೆರಾ ಕಣ್ಣಿಗೆ ಕೊಡುವುದರಲ್ಲಿ ಒಂದು ಪಾಲನ್ನು ಕಿವಿಯಿಂದ ಕಿತ್ತುಕೊಳ್ಳುತ್ತದೆ. ಇದು ಸಣ್ಣ ನಷ್ಟವಲ್ಲ. ಆನೆಮಲೆಯ ಕಾಡಿನಲ್ಲಿ ಮಂಗಟ್ಟೆ ಹಕ್ಕಿ ಕಣ್ಣಿಗೆ ಬೀಳುವ ಮೊದಲೇ ಅದರ ರೆಕ್ಕೆಯ ಬಿರುಸು ಕೇಳಿಸುತ್ತದೆ. ಪಾಲ್ಘಾಟ್ ಕಣಿವೆಯಿಂದ ನುಗ್ಗುವ ಮುಂಗಾರು ಗಾಳಿ ಪಲ್ಲಡದ ತೆಂಗಿನ ತೋಟಗಳಲ್ಲಿ ಎಬ್ಬಿಸುವ ಸದ್ದನ್ನು ಯಾವ ಚಿತ್ರವೂ ಹಿಡಿಯದು. ಹಾಗಾಗಿ ಗಮನದ ವಾದದಲ್ಲಿ ಉಳಿಯುವ ನಿಜ ಇಷ್ಟೇ: ಚಿತ್ರ ಅರೆ ದಾಖಲೆ. ಉಳಿದರ್ಧವನ್ನು ತುಂಬಲು ಕೆಲವು ಹೊತ್ತು ಕ್ಯಾಮೆರಾ ಇಲ್ಲದೆಯೂ ಅದೇ ಜಾಗದಲ್ಲಿ ಇರಬೇಕು. ಇದು ಕ್ಯಾಮೆರಾವನ್ನು ಬಿಡಲು ಕಾರಣವಾಗುವುದಿಲ್ಲ. ಆ ಜಾಗಕ್ಕೆ ಇನ್ನೊಮ್ಮೆ ಹೋಗಲು ಕಾರಣವಾಗುತ್ತದೆ.

ಇನ್ನು ನೆನಪಿನ ವಾದ. ಇದರ ಬುಡದಲ್ಲಿ ಒಂದು ಊಹೆ ಅಡಗಿದೆ: ಫೋಟೋ ಇಲ್ಲದಿದ್ದರೆ ಮನಸ್ಸು ಕಂಡದ್ದನ್ನು ಕಂಡ ಹಾಗೇ ಇಟ್ಟುಕೊಳ್ಳುತ್ತಿತ್ತು ಎಂಬುದು. ಆ ಊಹೆಯೇ ಸರಿಯಲ್ಲ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈಗ ಪಠ್ಯಪುಸ್ತಕದ ವಿಷಯ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷ್ ಓದುಗರಿಗೆ ಕೊಟ್ಟು, ದಿನಗಳು ತಿಂಗಳುಗಳು ಕಳೆದ ಮೇಲೆ ಮತ್ತೆ ಮತ್ತೆ ಹೇಳಿಸಿದರು. ಪ್ರತಿ ಸಲವೂ ಕಥೆ ಹೇಳುವವರ ಲೋಕಕ್ಕೆ ಹತ್ತಿರವಾಗುತ್ತ ಬಂತು: ಅಪರಿಚಿತ ವಿವರಗಳು ಉದುರಿದವು, ತೋಡುದೋಣಿ ಸಾಮಾನ್ಯ ದೋಣಿಯಾಯಿತು. ನೆನಪು ಉಗ್ರಾಣವಲ್ಲ, ಪ್ರತಿ ಸಲ ಹೊಸದಾಗಿ ಕಟ್ಟುವ ಕಟ್ಟಡ ಎಂಬುದು ಅದರ ತಾತ್ಪರ್ಯ. ಊರಿನ ಕೆರೆ ನಮ್ಮ ಬಾಲ್ಯದಲ್ಲಿ ಸದಾ ತುಂಬಿತ್ತು ಎಂದು ನಾವೆಲ್ಲ ಹೇಳುತ್ತೇವೆ. ತುಂಬಿದ ದಿನ ನೆನಪಿದೆ, ಬತ್ತಿದ ಬೇಸಿಗೆ ಮರೆತಿದೆ. ಫೋಟೋ ನಿಜವಾದ ನೆನಪನ್ನು ತಳ್ಳಿ ತಾನು ಕೂರುತ್ತದೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ, ನಿಜ. ಬಾಲ್ಯದ ಎಷ್ಟೋ ಘಟನೆಗಳು ನಮಗೆ ನೆನಪಿರುವುದು ಆಲ್ಬಮ್ಮಿನ ಚಿತ್ರವಾಗಿ ಮಾತ್ರ. ಆದರೆ ಚಿತ್ರವಿಲ್ಲದಾಗಲೂ ಆ ಜಾಗದಲ್ಲಿ ಕೂರುವುದು ಮೊದಲ ನೋಟವಲ್ಲ, ಕಳೆದ ಸಲ ಹೇಳಿದ ಕಥೆ. ಹೀಗಿರುವಾಗ ಎರಡು ಕೆಲಸಗಳನ್ನು ಬೇರ್ಪಡಿಸುವುದು ಒಳ್ಳೆಯದು. ಒಂದು ಅನುಭವದ ನೆನಪು, ಅದು ಒಳಗಿನದು, ಬದಲಾಗುತ್ತ ಬದುಕುವಂಥದು. ಇನ್ನೊಂದು ಸಾಕ್ಷ್ಯದ ನೆನಪು, ಅದು ನಾವು ಕಟ್ಟಿಕೊಂಡ ಕಥೆಗೆ ಎದುರು ನಿಂತು ‘ಹಾಗಿರಲಿಲ್ಲ’ ಎನ್ನಬಲ್ಲದ್ದು. ಫೋಟೋ ಮೊದಲನೆಯದಕ್ಕೆ ಪರ್ಯಾಯವೆಂದು ಯಾರಾದರೂ ಹೇಳಿದರೆ ತಪ್ಪು. ಎರಡನೆಯದಕ್ಕೆ ಅದರಷ್ಟು ಅಗ್ಗದ, ಎಲ್ಲರ ಕೈಗೆಟಕುವ ಸಾಧನ ಇನ್ನೊಂದಿಲ್ಲ.

ಸಾಕ್ಷಿಗೆ ಹೆಸರು, ದಿನ, ಸ್ಥಳ ಬೇಕು. ಇದನ್ನು ಕಲಿಯಲು ಕೊಯಮತ್ತೂರಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ, ಭಾರತೀಯ ಸಸ್ಯವಿಜ್ಞಾನ ಸರ್ವೇಕ್ಷಣಾಲಯದ ದಕ್ಷಿಣ ಕೇಂದ್ರದಲ್ಲಿ, ಮದ್ರಾಸ್ ಹರ್ಬೇರಿಯಂ ಇದೆ. ಒಣಗಿಸಿ ಹಾಳೆಗೆ ಅಂಟಿಸಿದ, ಲಕ್ಷಕ್ಕೂ ಮೀರಿದ ಸಸ್ಯಗಳ ಸಂಗ್ರಹ ಅದು. ಆ ಹಾಳೆಗಳಲ್ಲಿ ಹಸಿರು ಹೋಗಿ ಕಂದು ಉಳಿದಿರುತ್ತದೆ, ಹೂವಿನ ಬಣ್ಣ ಮಾಸಿರುತ್ತದೆ. ಆದರೂ ವಿಜ್ಞಾನಿಗಳು ಅವನ್ನು ಜೋಪಾನ ಮಾಡುವುದು ಕೆಳಮೂಲೆಯಲ್ಲಿರುವ ಚೀಟಿಗಾಗಿ: ಯಾವ ಗಿಡ, ಯಾವ ಊರಿನ ಯಾವ ಬೆಟ್ಟದಲ್ಲಿ, ಯಾವ ದಿನ, ಯಾರು ತಂದದ್ದು. ಚೀಟಿ ಕಳೆದ ಹಾಳೆ ಒಣ ಎಲೆಯಷ್ಟೇ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸುತ್ತಿ ಬೆಳೆ, ಕೆರೆ, ಮಗ್ಗಗಳ ವಿಷಯವನ್ನು ದಿನದಿನವೂ ಬರೆದಿಟ್ಟ. ಗೆದ್ದ ಬ್ರಿಟಿಷರ ಪರವಾಗಿ ಬಂದವನ ಬರಹ ಅದು. ಆದರೂ ತಾರೀಕು ಮತ್ತು ಊರಿನ ಹೆಸರು ಇರುವುದರಿಂದ ಇಂದಿಗೂ ಅದನ್ನು ಎದುರಿಟ್ಟುಕೊಂಡು ಪ್ರಶ್ನಿಸಬಹುದು. ನಮ್ಮ ಫೋನುಗಳಲ್ಲಿ ಬಿದ್ದಿರುವ ಸಾವಿರಾರು ಚಿತ್ರಗಳ ದೋಷ ಅವು ಹೆಚ್ಚಾದವು ಎಂಬುದಲ್ಲ, ಅವುಗಳಿಗೆ ಚೀಟಿಯಿಲ್ಲ ಎಂಬುದು. ಫೋನು ತಾನಾಗಿಯೇ ದಿನಾಂಕ ಬರೆದುಕೊಳ್ಳುತ್ತದಲ್ಲ ಎಂದರೆ, ಆ ಹಕ್ಕಿ ಯಾವುದು, ನೀರು ಎಲ್ಲಿಯವರೆಗೆ ನಿಂತಿತ್ತು, ಜೊತೆಗೆ ಯಾರಿದ್ದರು ಎಂಬುದನ್ನು ಅದು ಬರೆಯುವುದಿಲ್ಲ. ಅದನ್ನು ನಾವೇ ಬರೆಯಬೇಕು. ಬರೆಯಲು ಮತ್ತೆ ನೋಡಬೇಕು. ನೆನಪು ಹೊರಗುತ್ತಿಗೆಯಾಯಿತು ಎಂದು ದೂರುವವರು ಗುರುತಿಸಿದ ರೋಗ ನಿಜ. ಅದು ಹುಟ್ಟುವುದು ಚಿತ್ರ ತೆಗೆದ ಗಳಿಗೆಯಲ್ಲಲ್ಲ, ತೆಗೆದ ಮೇಲೆ ಮರಳಿ ನೋಡದ ವರ್ಷಗಳಲ್ಲಿ.

ಮೂರನೆಯದು, ಸೌಂದರ್ಯದ ವಾದ. ಮೂರರಲ್ಲಿ ಇದೇ ಕಠಿಣ. ಲೋಮ್ಸ್ ವ್ಯೂ ದಾಟಿ ಮೇಲೆ ಹೋದರೆ ವಾಲ್ಪಾರೈ ಪ್ರಸ್ಥಭೂಮಿ, ಸುಮಾರು 220 ಚದರ ಕಿಲೋಮೀಟರ್. ಕಣ್ಣು ಹಾಯಿಸಿದಲ್ಲೆಲ್ಲ ಬಾಚಿದ ತಲೆಯಂಥ ಚಹಾ ತೋಟ, ನಡುವೆ ಮಂಜು, ಅಲ್ಲೊಂದು ಇಲ್ಲೊಂದು ಸಿಲ್ವರ್ ಓಕ್. ಪ್ರವಾಸಿ ಚಿತ್ರಗಳಲ್ಲಿ ಇದಕ್ಕಿಂತ ಸುಲಭವಾಗಿ ಒಲಿಯುವ ದೃಶ್ಯವಿಲ್ಲ. ಆದರೆ ಈ ಹಸಿರು ಕಾಡಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮಳೆಕಾಡನ್ನು ಕಡಿದು ಬೆಳೆಸಿದ್ದು. ಸಿಂಗಳೀಕಗಳು, ಮಂಗಟ್ಟೆ ಹಕ್ಕಿಗಳು ಈಗ ತೋಟಗಳ ನಡುವೆ ಉಳಿದ ಕಾಡಿನ ತುಣುಕುಗಳಲ್ಲಿ ಬದುಕುತ್ತಿವೆ. ಅಂದರೆ ಆ ಸುಂದರ ಚಿತ್ರ ಮರೆವನ್ನೇ ಸುಂದರವಾಗಿಸಿದೆ. ಸೊಂಟಾಗ್ ಪರವಾದ ಅತ್ಯಂತ ಬಲವಾದ ಸಾಕ್ಷ್ಯ ಇದೇ, ಇದನ್ನು ನಾನು ಒಪ್ಪುತ್ತೇನೆ. ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಕ್ಯಾಮೆರಾ ಇಲ್ಲದೆ ಅದೇ ಐದು ನಿಮಿಷ ಅಲ್ಲಿ ನಿಂತವರಿಗೆ ಕಾಡಿನ ನೆನಪು ಬರುತ್ತಿತ್ತೇ? ಬರುತ್ತಿರಲಿಲ್ಲ. ಬರಿಗಣ್ಣಿಗೂ ಆ ತೋಟ ಅಷ್ಟೇ ಚೆಲುವಾಗಿ ಕಾಣುತ್ತದೆ, ಅಷ್ಟೇ ಮರೆಸುತ್ತದೆ. ಮೈಸೂರಿನಲ್ಲಿ 1996ರಲ್ಲಿ ಆರಂಭವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ವಾಲ್ಪಾರೈನಲ್ಲಿ ಹಾಳಾದ ಕಾಡಿನ ತುಣುಕುಗಳಿಗೆ ಸ್ಥಳೀಯ ಸಸಿಗಳನ್ನು ನೆಟ್ಟು ಮರಳಿ ಚಿಗುರಿಸುವ ಕೆಲಸ ಮಾಡುತ್ತಿದೆ. ಆ ತುಣುಕಿನ ಒಂದು ಚಿತ್ರ ನೋಡಿದರೆ ಪೊದೆ, ಕಳೆ, ಎಳೆ ಮರ ಅಷ್ಟೇ. ಅದೇ ಜಾಗದ ಹತ್ತು ವರ್ಷ ಹಿಂದಿನ ಚಿತ್ರವನ್ನು ಪಕ್ಕದಲ್ಲಿಟ್ಟರೆ ಮಾತ್ರ ಆ ಪೊದೆಯಲ್ಲಿ ಚೆಲುವು ಕಾಣುತ್ತದೆ. ಇಲ್ಲಿ ಸೌಂದರ್ಯ ದೃಶ್ಯದಲ್ಲಿಲ್ಲ, ಎರಡು ದೃಶ್ಯಗಳ ನಡುವಿನ ಕಾಲದಲ್ಲಿದೆ.

ಇಲ್ಲಿಗೆ ಗಂಟಿನ ಎಳೆ ಸಿಕ್ಕಿತು. ಮೂರೂ ವಾದಗಳು ‘ಕಣ್ಣೋ ಕ್ಯಾಮೆರಾವೋ’ ಎಂದು ಕೇಳುತ್ತವೆ. ಕೇಳಬೇಕಾದದ್ದು ‘ಒಮ್ಮೆಯೋ ಮತ್ತೆ ಮತ್ತೆಯೋ’ ಎಂದು. ಬಯಲಿಗೆ ಇಳಿದರೆ ಇದು ಇನ್ನಷ್ಟು ತಿಳಿಯಾಗುತ್ತದೆ. ಕಾಂಗೇಯಂ, ಧಾರಾಪುರಗಳ ಕಡೆಯ ಒಣ ಬಯಲಿನಲ್ಲಿ ನೋಡಲು ಏನೂ ಇಲ್ಲವೆಂದು ಊಟಿಗೆ ಹೊರಟವರು ಗಾಜು ಏರಿಸಿಕೊಂಡು ಸಾಗುತ್ತಾರೆ. ಆ ಬಯಲಿನಲ್ಲಿ ‘ಕೊರಂಗಾಡು’ ಎಂಬ ಹುಲ್ಲುಗಾವಲುಗಳಿವೆ. ರೈತರು ತಮ್ಮ ಸ್ವಂತ ಜಮೀನಿನಲ್ಲಿ ಮುಳ್ಳುಕಿಳುವೆಯ ಜೀವಂತ ಬೇಲಿ ಕಟ್ಟಿ, ಒಳಗೆ ಕೊಳುಕ್ಕಟ್ಟೆ ಹುಲ್ಲು ಬೆಳೆಸಿ, ಅಲ್ಲಲ್ಲಿ ಬಿಳಿಜಾಲಿ ಮರಗಳನ್ನು ಉಳಿಸಿಕೊಳ್ಳುತ್ತಾರೆ. ಕಾಂಗೇಯಂ ತಳಿಯ ದನಗಳನ್ನು ಸಾಕಿದ್ದು ಈ ಹುಲ್ಲು, ಈ ಮರದ ಕಾಯಿ. ಏಪ್ರಿಲ್‌ನಲ್ಲಿ ಒಮ್ಮೆ ನೋಡಿದರೆ ಅದು ಬೂದುಬಣ್ಣದ ಬೋಳು ನೆಲ, ಬೇಲಿಯಲ್ಲಿ ಎಲೆಯೇ ಇಲ್ಲ. ಹಿಂಗಾರು ಬಿದ್ದ ಮೇಲೆ ಅದೇ ಬೇಲಿ ಚಿಗುರುತ್ತದೆ, ಹುಲ್ಲು ಏಳುತ್ತದೆ. ಒಂದು ಬೇಲಿಯ ಮೂಲೆಯನ್ನು ವರ್ಷದಲ್ಲಿ ಆರು ಸಲ ಚಿತ್ರಿಸಿದವರಿಗೆ ಏಪ್ರಿಲ್‌ನ ಬೋಳುತನವೂ ಬೇರೆಯಾಗಿ ಕಾಣುತ್ತದೆ. ಒಣಗಿದ ಕಡ್ಡಿ ಸತ್ತದ್ದಲ್ಲ, ಮಳೆಗಾಗಿ ಕಾಯುತ್ತಿರುವುದು ಎಂದು ತಿಳಿದಿರುತ್ತದೆ. ಇದು ಭಾವುಕತೆಯಲ್ಲ, ತಿಳಿವಳಿಕೆ. ಇಲ್ಲಿ ಚೆಲುವು ಕಾಣಿಸಿದ್ದೇ ಆ ತಿಳಿವಳಿಕೆಯಿಂದ. ನಮ್ಮ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ತಮ್ಮ ತೋಟದ ಸುತ್ತಲಿನ ಹಕ್ಕಿಗಳನ್ನು ವರ್ಷಗಟ್ಟಲೆ ನೋಡಿ ಚಿತ್ರಿಸಿದ್ದರ ಹಿಂದೆಯೂ ಇದೇ ಕ್ರಮವಿತ್ತು. ಅವರಿಗೆ ಹಕ್ಕಿ ಅಪರೂಪದ್ದಾಗಿರಬೇಕಿರಲಿಲ್ಲ, ನಿತ್ಯದ್ದಾಗಿದ್ದರೆ ಸಾಕಿತ್ತು.

ಈ ವಾದ ಒಬ್ಬೊಬ್ಬರ ರುಚಿಯ ಮಾತಾಗಿಯೇ ಉಳಿಯಬೇಕಿಲ್ಲ. ತಿರುಪ್ಪೂರಿನ ಅಂಚಿನಲ್ಲಿ, ಊತ್ತುಕುಳಿ ತಾಲ್ಲೂಕಿನಲ್ಲಿ, ನಲ್ಲಾರು ಹಳ್ಳದ ಹಾದಿಯಲ್ಲಿ ನಂಜರಾಯನ್ ಕೆರೆ ಇದೆ. ಹಲವು ಶತಮಾನಗಳ ಹಿಂದೆ ಈ ಸೀಮೆಯನ್ನಾಳಿದ ನಂಜರಾಯನೆಂಬ ಅರಸ ಅದನ್ನು ದುರಸ್ತಿ ಮಾಡಿಸಿದನೆಂದು ಪ್ರತೀತಿ; ಹೆಸರು ಕನ್ನಡದ ಕಿವಿಗೆ ತೀರ ಪರಿಚಿತ. ಸುಮಾರು 126 ಹೆಕ್ಟೇರಿನ, ಆಳವಿಲ್ಲದ ನೀರು. ಸುತ್ತ ಬನಿಯನ್ ಕಂಪನಿಗಳ ಊರು. ಪ್ರವಾಸಿ ನಕ್ಷೆಯಲ್ಲಿ ಹೆಸರೇ ಇಲ್ಲದ ಈ ಕೆರೆಗೆ ತಿರುಪ್ಪೂರಿನ ನೇಚರ್ ಸೊಸೈಟಿಯ ಹಕ್ಕಿವೀಕ್ಷಕರು ವರ್ಷಾನುಗಟ್ಟಲೆ ಹೋಗುತ್ತಲೇ ಇದ್ದರು. ಪಟ್ಟೆತಲೆಯ ಹೆಬ್ಬಾತು, ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಸೂಜಿಬಾಲದ ಬಾತು ಎಂದು ಪಟ್ಟಿ ಬೆಳೆಯಿತು. ದೂರದ ನೀರಿನ ಮೇಲೆ ಚುಕ್ಕಿಯಂತೆ ಕಾಣುವ ಬಾತನ್ನು ಇಂಥದೇ ಎಂದು ಖಚಿತಪಡಿಸಲು ಚಿತ್ರ ಬೇಕು; ಇದು ನನ್ನದು ಎನ್ನುವ ಸೊತ್ತಿನ ಚಿತ್ರವಲ್ಲ, ಇನ್ನೊಬ್ಬರೂ ಪರೀಕ್ಷಿಸಬಹುದಾದ ಸಾಕ್ಷ್ಯದ ಚಿತ್ರ. 2022ರಲ್ಲಿ ಕೆರೆ ತಮಿಳುನಾಡಿನ 17ನೆಯ ಪಕ್ಷಿಧಾಮವಾಯಿತು. 2024ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶವೆಂದು ಘೋಷಣೆಯಾಯಿತು. ಆಗ ಭಾರತದ ಇಂಥ ತಾಣಗಳ ಸಂಖ್ಯೆ 85ಕ್ಕೆ ಏರಿತು. ಘೋಷಣೆಯ ಹೊತ್ತಿಗೆ ಕೆರೆಯ ಲೆಕ್ಕ ಹೀಗಿತ್ತು: ಸುಮಾರು 191 ಬಗೆಯ ಹಕ್ಕಿಗಳು, 87 ಬಗೆಯ ಚಿಟ್ಟೆಗಳು, 21 ಬಗೆಯ ಸರೀಸೃಪಗಳು, 77 ಬಗೆಯ ಸಸ್ಯಗಳು. ಚಿತ್ರಗಳಿಂದಲೇ ಇದೆಲ್ಲ ಆಯಿತು ಎಂದರೆ ಅತಿಯಾಗುತ್ತದೆ; ಅರಣ್ಯ ಇಲಾಖೆ, ಸ್ಥಳೀಯರು, ಸರ್ಕಾರ ಎಲ್ಲರ ಪಾಲೂ ಇದೆ. ಆದರೆ 191 ಎಂಬ ಸಂಖ್ಯೆ ಒಂದು ಬೆಳಗಿನ ಭೇಟಿಯಲ್ಲಿ ಹುಟ್ಟುವುದಿಲ್ಲ. ಕಣ್ಣಾರೆ ನೋಡಿ ಮನಸ್ಸಿನಲ್ಲಿ ತುಂಬಿಕೊಂಡು ಮನೆಗೆ ಹೋದವರ ಸಂತೋಷ ಅವರೊಂದಿಗೇ ಮುಗಿಯುತ್ತದೆ. ಬರೆದಿಟ್ಟು, ಚಿತ್ರವಿಟ್ಟು, ಮತ್ತೆ ಬಂದವರ ಸಂತೋಷ ಕೆರೆಯ ಪರವಾಗಿ ಮಾತಾಡಬಲ್ಲದು.

ಇಲ್ಲಿ ಒಂದು ಗಂಭೀರ ಆಕ್ಷೇಪಣೆ ಏಳುತ್ತದೆ. ಚಿತ್ರ ಸಾಕ್ಷಿ ಎನ್ನುತ್ತೀರಿ, ಆದರೆ ಚೆಲುವಿನ ಹಂಬಲ ಸಾಕ್ಷಿಯನ್ನೇ ಕೆಡಿಸುವುದಿಲ್ಲವೇ? ಕೆಡಿಸುತ್ತದೆ, ಅದಕ್ಕೆ ನೊಯ್ಯಲ್ ನದಿಯೇ ನಿದರ್ಶನ. ವೆಳ್ಳಿಯಂಗಿರಿ ಬೆಟ್ಟಗಳಿಂದ ಇಳಿದು ಕೊಯಮತ್ತೂರು, ತಿರುಪ್ಪೂರುಗಳನ್ನು ಹಾಯ್ದು ಕಾವೇರಿಗೆ ಸೇರುವ ಈ ನದಿಗೆ ಬಣ್ಣದ ಕಾರ್ಖಾನೆಗಳ ನೀರು ಬಹುಕಾಲ ಹರಿಯಿತು. ನೀರಾವರಿಗೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಆ ಕೊಳೆಯ ತೊಟ್ಟಿಯಾಯಿತು. ಕೆಳಗಿನ ರೈತರ ಹೊಲಗಳು ಉಪ್ಪಾದವು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಹನಿ ಕೊಳೆನೀರನ್ನೂ ಹೊರಬಿಡದ ವ್ಯವಸ್ಥೆ ಮಾಡಿಕೊಳ್ಳುವವರೆಗೆ ಬಣ್ಣದ ಘಟಕಗಳನ್ನು ಮುಚ್ಚಬೇಕೆಂದು ಆದೇಶಿಸಿತು. ಬಣ್ಣ ಬೆರೆತ ನೀರು ಬೆಳಗಿನ ಬಿಸಿಲಿನಲ್ಲಿ ಚಿತ್ರವಾಗಿ ಮೋಹಕವಾಗಿ ಕಾಣಬಲ್ಲದು, ನೊರೆ ಹಿಮದಂತೆ ತೋರಬಲ್ಲದು. ಹಾಗಾದರೆ ಆ ಚೆಲುವು ಸುಳ್ಳೇ? ಬೆಳಕು, ಬಣ್ಣ ಸುಳ್ಳಲ್ಲ. ಅದರ ಕಾರಣವನ್ನು ಚೌಕಟ್ಟಿನಿಂದ ಹೊರಗಿಟ್ಟದ್ದು ಸುಳ್ಳು. ಪರಿಹಾರ ಚೆಲುವನ್ನು ತ್ಯಜಿಸುವುದರಲ್ಲಿಲ್ಲ, ಚೌಕಟ್ಟನ್ನು ಹಿಗ್ಗಿಸುವುದರಲ್ಲಿದೆ. ನೀರಿನ ಬಣ್ಣದೊಂದಿಗೆ ಆ ಬಣ್ಣ ಬಂದ ಕೊಳವೆ, ಅದೇ ದಂಡೆಯ ಒಣಗಿದ ತೆಂಗು, ಆರು ತಿಂಗಳ ಬಳಿಕದ ಅದೇ ನೀರು. ಮತ್ತೆ ಮತ್ತೆ ಹೋಗುವವರಿಗೆ ಇದು ತಾನಾಗಿ ಒದಗುತ್ತದೆ, ಏಕೆಂದರೆ ಒಂದೇ ಮೋಹಕ ಚಿತ್ರವನ್ನು ಹತ್ತನೆಯ ಸಲವೂ ತೆಗೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಕಣ್ಣು ಆಗ ಪಕ್ಕಕ್ಕೆ ತಿರುಗುತ್ತದೆ.

ಇನ್ನೊಂದು ಆಕ್ಷೇಪಣೆಗೆ ನನ್ನಲ್ಲಿ ಪ್ರತಿವಾದವಿಲ್ಲ, ಒಪ್ಪಿಗೆ ಮಾತ್ರ ಇದೆ. ಚಿತ್ರದ ಆಸೆ ಜೀವಗಳಿಗೆ ಕೇಡು ಮಾಡುತ್ತದೆ. ಗೂಡಿನ ಹತ್ತಿರ ನಿಂತರೆ ತಾಯಿಹಕ್ಕಿ ಮೊಟ್ಟೆ ಬಿಟ್ಟು ಹಾರುತ್ತದೆ. ಧ್ವನಿಮುದ್ರಿತ ಕೂಗು ಹಾಕಿ ಹಕ್ಕಿಯನ್ನು ಕರೆದರೆ ಅದು ಇಲ್ಲದ ಎದುರಾಳಿಯೊಂದಿಗೆ ಕಾದಾಡಿ ದಣಿಯುತ್ತದೆ. ರಸ್ತೆಬದಿಯಲ್ಲಿ ತಿಂಡಿ ಕೊಟ್ಟು ಚಿತ್ರ ತೆಗೆದ ಮಂಗಗಳು ವಾಹನಗಳ ಕೆಳಗೆ ಸಿಗುತ್ತವೆ. ಫಿಲ್ಮಿನ ಕಾಲದಲ್ಲಿ ಗೂಡಿನ ಬಳಿ ಮರೆ ಕಟ್ಟಿ ಚಿತ್ರ ತೆಗೆಯುವುದು ಸಾಮಾನ್ಯವಾಗಿತ್ತು, ಅದನ್ನು ತಪ್ಪೆಂದು ಹೆಚ್ಚಿನವರು ಎಣಿಸುತ್ತಿರಲಿಲ್ಲ; ಇಂದು ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ. ಕಸುಬು ತನ್ನ ತಪ್ಪನ್ನು ತಿದ್ದಿಕೊಳ್ಳಬಲ್ಲದು ಎಂಬುದಕ್ಕೆ ಇದು ಗುರುತು. ಯಾವ ಚಿತ್ರವೂ ಅದರೊಳಗಿನ ಜೀವಕ್ಕಿಂತ ದೊಡ್ಡದಲ್ಲ, ಈ ನಿಯಮಕ್ಕೆ ವಿನಾಯಿತಿ ಬೇಡ. ಆದರೆ ಗಮನಿಸಿ: ಈ ಕೇಡುಗಳ ಹಿಂದೆ ಹೆಚ್ಚಾಗಿ ಇರುವುದು ಇವತ್ತೇ ಸಿಗಬೇಕು ಎಂಬ ಆತುರ. ಒಂದೇ ದಿನಕ್ಕೆ ಬಂದವರು ಅಪರೂಪದ್ದನ್ನು ಬೇಡುತ್ತಾರೆ, ಅಪರೂಪದ್ದನ್ನು ಬಲವಂತದಿಂದ ಹೊರಗೆಳೆಯುತ್ತಾರೆ. ಮುಂದಿನ ವಾರವೂ ಬರುವವರಿಗೆ ಆ ಅಗತ್ಯವಿಲ್ಲ. ಇಂದು ಕಾಣದ ಮಿಂಚುಳ್ಳಿ ಅದೇ ಕೊಂಬೆಗೆ ಇನ್ನೊಂದು ದಿನ ಬಂದೀತು.

ಹಾಗಾದರೆ ಪ್ರವಾಸಿಯ ಗತಿಯೇನು, ಒಮ್ಮೆ ಮಾತ್ರ ಹೋಗಬಲ್ಲವರು ಏನು ಮಾಡಬೇಕು ಎಂಬುದು ಕೊನೆಯ ಪ್ರಶ್ನೆ. ಇದರೊಳಗೆ ಇನ್ನೊಂದು ಪ್ರಶ್ನೆಯೂ ಇದೆ: ದಿನಕ್ಕೆ ಹನ್ನೆರಡು ಗಂಟೆ ದುಡಿಯುವವರಿಗೆ ಈ ಪುರುಸೊತ್ತು ಎಲ್ಲಿಂದ? ಎರಡನೆಯದಕ್ಕೆ ಉತ್ತರ ಮೊದಲನೆಯದಕ್ಕಿಂತ ಸುಲಭ. ವಾಲ್ಪಾರೈಗೆ ಹೋಗಲು ರಜೆ, ಹಣ, ಕಾರು ಬೇಕು. ಪಾಳಿ ಮುಗಿಸಿ ಬರುವ ದಾರಿಯ ಬೇವಿನ ಮರವನ್ನು ತಿಂಗಳಿಗೊಮ್ಮೆ ಚಿತ್ರಿಸಲು ಕೈಯಲ್ಲಿರುವ ಫೋನು ಸಾಕು. ದೂರದ ಊರುಗಳಿಂದ ದುಡಿಯಲು ತಿರುಪ್ಪೂರಿಗೆ ಬಂದವರಿಗೆ ಆ ಮರ ಅಪರಿಚಿತ ಊರನ್ನು ತಮ್ಮದಾಗಿಸುವ ಮೊದಲ ಮೆಟ್ಟಿಲೂ ಆಗಬಹುದು. ನಿತ್ಯದ ಚೆಲುವು ಬಡವರಿಗೆ ಕೊಟ್ಟ ಸಮಾಧಾನದ ಬಹುಮಾನ ಎಂದು ಯಾರೂ ತಿಳಿಯಬಾರದು. ನಾನು ಹೇಳುತ್ತಿರುವ ನೆನಪು ಎಲ್ಲರಿಗೂ ದಕ್ಕುವುದು ಆ ದಾರಿಯಲ್ಲೇ. ಇನ್ನು ಪ್ರವಾಸಿಗೆ ಮೂರು ಸೂಚನೆಗಳು:

1. ಹತ್ತು ತಾಣಗಳಿಗೆ ಒಮ್ಮೆ ಹೋಗುವ ಬದಲು ಒಂದು ತಾಣಕ್ಕೆ ಎರಡು ಸಲ ಹೋಗಿ. ಬೇಸಿಗೆಯಲ್ಲಿ ಕಂಡ ಆಳಿಯಾರನ್ನು ಮಳೆಗಾಲದಲ್ಲೂ ಕಾಣಿ.

2. ಎಲ್ಲರೂ ತೆಗೆಯುವ ಚಿತ್ರದ ಜೊತೆಗೆ, ಅದೇ ಜಾಗದ ಒಂದು ಸಣ್ಣ ವಿವರವನ್ನು ನೀವೇ ಆರಿಸಿ ತೆಗೆಯಿರಿ. ಆರಿಸಿದ್ದೇಕೆ ಎಂದು ಎರಡು ಸಾಲು ಬರೆಯಿರಿ. ಊರು, ದಿನ ಮರೆಯಬೇಡಿ. ಕೇಳಿಸಿದ್ದನ್ನೂ ಸೇರಿಸಿ.

3. ಮನೆಗೆ ಬಂದ ಮೇಲೆ ವರ್ಷಕ್ಕೊಮ್ಮೆಯಾದರೂ ಆ ಚಿತ್ರಗಳನ್ನು ಜೊತೆಗೆ ಬಂದವರೊಂದಿಗೆ ಕೂತು ನೋಡಿ. ಒಬ್ಬರ ನೆನಪು ಇನ್ನೊಬ್ಬರ ನೆನಪನ್ನು ತಿದ್ದಲಿ.

ಕನ್ನಡದಲ್ಲಿ ‘ನೆನೆ’ ಎಂಬುದಕ್ಕೆ ಎರಡು ಅರ್ಥ. ಹೋದವರನ್ನು ನೆನೆಯುತ್ತೇವೆ, ಮಳೆಯಲ್ಲಿ ನೆನೆಯುತ್ತೇವೆ. ಎರಡಕ್ಕೂ ಮೂಲ ಒಂದೇ ಎಂದು ನಾನು ಹೇಳುತ್ತಿಲ್ಲ. ಎರಡೂ ಒಂದೇ ಪದದಲ್ಲಿ ಕೂಡಿಬಂದದ್ದರಿಂದ ನನಗೊಂದು ಹೋಲಿಕೆ ಸಿಕ್ಕಿತು. ರಾತ್ರಿ ನೆನೆಹಾಕಿದ ಕಡಲೆ ಬೆಳಿಗ್ಗೆ ಮೆದುವಾಗುತ್ತದೆ, ನೀರಿನಲ್ಲಿ ಅದ್ದಿ ತೆಗೆದ ಕಡಲೆ ಕಲ್ಲಾಗಿಯೇ ಇರುತ್ತದೆ. ಒಂಬತ್ತನೆಯ ತಿರುವಿನಲ್ಲಿ ಐದು ನಿಮಿಷ ನಿಂತವರು, ಫೋನ್ ಎತ್ತಿದ್ದರೂ ಎತ್ತದಿದ್ದರೂ, ಅದ್ದಿ ತೆಗೆದ ಕಡಲೆಯಂತೆ. ಅವರಿಗೆ ಕ್ಯಾಮೆರಾ ಒಳಗಿಡಿ ಎಂದು ಬುದ್ಧಿ ಹೇಳುವುದರಿಂದ ಏನೂ ಮೆದುವಾಗುವುದಿಲ್ಲ. ಹೇಳಬೇಕಾದದ್ದು ಬೇರೆ: ಈ ಚಿತ್ರವನ್ನು ಅಳಿಸಬೇಡಿ, ಇದರ ಮೇಲೆ ಊರು ದಿನ ಬರೆದಿಡಿ, ಹಿಂಗಾರು ಮುಗಿದ ಮೇಲೆ ಇನ್ನೊಮ್ಮೆ ಬಂದು ಇದನ್ನೇ ಕೈಯಲ್ಲಿ ಹಿಡಿದು ಇದೇ ಕಟ್ಟೆಯ ಬಳಿ ನಿಲ್ಲಿ. ನೀರು ಎಷ್ಟು ಏರಿದೆ, ಬಯಲಿನ ಬಣ್ಣ ಹೇಗೆ ತಿರುಗಿದೆ ಎಂದು ನೋಡಿ. ಆಗ ಎರಡು ದೃಶ್ಯಗಳ ನಡುವಿನ ಕಾಲ ನಿಮ್ಮದೂ ಆಗಿರುತ್ತದೆ. ನಂಜರಾಯನ್ ಕೆರೆಯ ಏರಿಯ ಮೇಲೆ ಪ್ರತಿ ಚಳಿಗಾಲ ಮರಳಿ ನಿಂತವರು ಮಾಡಿದ್ದು ಇಷ್ಟನ್ನೇ. ಆ ಕೆರೆ ಇಂದು ಅವರಿಗೆ ಮಾತ್ರವಲ್ಲ, ಅದನ್ನು ಎಂದೂ ಕಾಣದವರಿಗೂ ನೆನಪಿದೆ.